ಭಾನುವಾರದ ರೇಡಿಯೊದಲ್ಲಿ ಗೊರಗೊರ: ಹಾಳಾಗಿರುವುದು ಸೆಟ್ಟೋ, ಕೇಂದ್ರವೋ?

ಪ್ರಶ್ನೆ: ನಮ್ಮದು ಉತ್ತರ ಕನ್ನಡದ ಸಿದ್ದಾಪುರ ಕಡೆಯ ಹಳ್ಳಿ. ಮಾವನವರಿಗೆ 81 ವರ್ಷ. ಕಣ್ಣು ಮಂಜಾಗಿದೆ, ಟಿವಿ ನೋಡುವುದಿಲ್ಲ. ಅವರಿಗೆ ರೇಡಿಯೊನೇ ಎಲ್ಲ. ಭಾನುವಾರವಂತೂ ಬೆಳಗ್ಗೆ ವಂದೇ ಮಾತರಂನಿಂದ ರಾತ್ರಿ ಮಲಗುವವರೆಗೂ ಧಾರವಾಡ ಆಕಾಶವಾಣಿ ಹಚ್ಚಿಟ್ಟೇ ಇರುತ್ತಾರೆ. ಒಂದು ವರ್ಷದಿಂದ ಗೊರಗೊರ ಜಾಸ್ತಿಯಾಗಿದೆ. ಹೊಸ ಸೆಟ್ ತಂದೆವು, ಅದರಲ್ಲೂ ಅದೇ ಕಥೆ. ಸಂಜೆ ಆದ ಮೇಲೆ ಬೇರೆ ಯಾವುದೋ ಭಾಷೆಯ ಸ್ಟೇಷನ್ ಬಂದು ಸೇರಿಕೊಳ್ಳುತ್ತದೆ. ಜೊತೆಗೆ ಕಾರ್ಯಕ್ರಮಗಳೂ ಮೊದಲಿನ ಹಾಗಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಕನ್ನಡ ಬರುತ್ತಿದ್ದಾಗಲೇ ಹಿಂದಿ ಶುರುವಾಗುತ್ತದೆ, ಕ್ರಿಕೆಟ್ ಇದ್ದರೆ ಮುಗಿಯಿತು. ಒಂದು ಸಲ ನಾಟಕದ ಕೊನೆಯೇ ಬರಲಿಲ್ಲ. ಆಕಾಶವಾಣಿಯನ್ನೇ ಮುಚ್ಚುತ್ತಾರೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆವು. ನಮ್ಮ ಮಗ "ಅಜ್ಜನಿಗೆ ಮೊಬೈಲ್ ಆ್ಯಪ್ ಹಾಕಿಕೊಡೋಣ, ಇಲ್ಲಾಂದ್ರೆ ಡಿಜಿಟಲ್ ರೇಡಿಯೊ ತರೋಣ" ಅನ್ನುತ್ತಾನೆ. ಏನು ಮಾಡುವುದು ಒಳ್ಳೆಯದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು, ಧ್ವನಿ ಸರಿಯಾಗಿ ತಲುಪುತ್ತಿಲ್ಲ. ಇನ್ನೊಂದು, ತಲುಪಿದ್ದು ಮಾವನವರು ಕಾಯುತ್ತಿದ್ದ ಕಾರ್ಯಕ್ರಮವಲ್ಲ. ಇವೆರಡನ್ನೂ ಒಟ್ಟಿಗೆ ಗಂಟು ಹಾಕಿದರೆ "ರೇಡಿಯೊ ಕೆಟ್ಟುಹೋಯ್ತು" ಅನ್ನಿಸುತ್ತದೆ. ನಾನು ಆಕಾಶವಾಣಿಯಲ್ಲಿ ಮೊದಲು ಡ್ಯೂಟಿ ರೂಮಿನಲ್ಲಿ, ಆಮೇಲೆ ಕಾರ್ಯಕ್ರಮ ವಿಭಾಗದಲ್ಲಿ ಕೆಲಸ ಮಾಡಿದವನು. ಕೇಳುಗರ ಫೋನುಗಳಲ್ಲಿ ಅತಿ ಹೆಚ್ಚು ಬರುತ್ತಿದ್ದದ್ದು ಈ ಎರಡೇ ದೂರು. ಬಿಡಿಸಿ ನೋಡಿದರೆ ಎರಡಕ್ಕೂ ದಾರಿ ಇದೆ. ದುಡ್ಡು ಖರ್ಚು ಮಾಡುವ ಮೊದಲೇ ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ.

ಮೊದಲು ವಾಟ್ಸ್ಆ್ಯಪ್ ಸುದ್ದಿ. ಆಕಾಶವಾಣಿ ಮುಚ್ಚುತ್ತಿದೆ ಎಂಬುದು ಸುಳ್ಳು. ಆದರೆ ಇಂಥ ಸುದ್ದಿಗೆ ಒಂದು ಎಳೆ ನಿಜ ಸಿಕ್ಕಿರುತ್ತದೆ. 1988ರಲ್ಲಿ ಶುರುವಾಗಿದ್ದ, ರಾತ್ರಿಯಿಡೀ ನಾಗಪುರದ ದೊಡ್ಡ ಟ್ರಾನ್ಸ್‌ಮಿಟರ್‌ನಿಂದ ಬರುತ್ತಿದ್ದ ರಾಷ್ಟ್ರೀಯ ವಾಹಿನಿ 2019ರ ಜನವರಿಯಲ್ಲಿ ನಿಂತಿತು. ಶಾರ್ಟ್ ವೇವ್ ಪ್ರಸಾರಗಳು ಬಹಳ ಕಡಿಮೆಯಾಗಿವೆ. ಹಳೆಯ ಮೀಡಿಯಂ ವೇವ್ (ಸೆಟ್ಟಿನ ಮೇಲೆ ಎಂಡಬ್ಲ್ಯು ಅಥವಾ ಎಎಂ ಎಂದು ಬರೆದಿರುತ್ತದಲ್ಲ, ಅದು) ಟ್ರಾನ್ಸ್‌ಮಿಟರ್‌ಗಳಲ್ಲಿ ಹಲವನ್ನು ನಿಲ್ಲಿಸಿದ್ದಾರೆ. ಇದೆಲ್ಲ ಆಗಿದೆ. ಅದೇ ಹೊತ್ತಿಗೆ ಎಫ್‌ಎಂ ಹೆಚ್ಚಿದೆ. 2023ರ ಏಪ್ರಿಲ್ 28ರಂದು ಒಂದೇ ದಿನ 100 ವ್ಯಾಟ್‌ನ 91 ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಶುರುವಾದವು. ಅಂದರೆ ಆಕಾಶವಾಣಿ ನಿಂತಿಲ್ಲ, ಅದು ಬರುವ ದಾರಿ ಬದಲಾಗುತ್ತಿದೆ. ಮಲೆನಾಡಿನ ಕೇಳುಗರಿಗೆ ಈ ಬದಲಾವಣೆ ಬಯಲುಸೀಮೆಯವರಿಗಿಂತ ಜಾಸ್ತಿ ತಟ್ಟುತ್ತದೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಗುಡ್ಡದ ಹಿಂದಿನ ಮನೆಗೆ ಸಿಗುವುದಿಲ್ಲ. ಕಾರವಾರ ಆಕಾಶವಾಣಿಯ ಎಫ್‌ಎಂ ನಿಮ್ಮದೇ ಜಿಲ್ಲೆಯದಾದರೂ ನಡುವೆ ಇಡೀ ಘಟ್ಟವೇ ನಿಂತಿದೆ. ಹಾಗಾಗಿ ಮಾವನವರು ಮೀಡಿಯಂ ವೇವ್‌ನ ಧಾರವಾಡವನ್ನೇ ನಂಬಿಕೊಂಡಿರುವುದು ಹಠದಿಂದಲ್ಲ. ನಿಮ್ಮ ಜಾಗಕ್ಕೆ ಅದೇ ಸರಿಯಾದ ದಾರಿ.

ಇನ್ನೂ ಒಂದು ಸುದ್ದಿ ಆಗಾಗ ಓಡಾಡುತ್ತದೆ. ರೇಡಿಯೊ ಇಟ್ಟುಕೊಳ್ಳಲು ಮತ್ತೆ ಲೈಸೆನ್ಸ್ ಬರುತ್ತದೆ ಅಂತ. ಹಿಂದೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪ್ ಹಚ್ಚಿಸಿಕೊಳ್ಳಬೇಕಿತ್ತು, ಮಾವನವರಿಗೆ ಖಂಡಿತ ನೆನಪಿರುತ್ತದೆ. ಅದನ್ನು 1980ರ ದಶಕದಲ್ಲೇ ತೆಗೆದುಹಾಕಿದರು. ಆ ಚಿಂತೆ ಬಿಡಿ.

ಈಗ ಗೊರಗೊರಕ್ಕೆ ಬರೋಣ. ಧಾರವಾಡ ಕೇಂದ್ರ 1950ರ ಜನವರಿ 8ರಿಂದ ಇದೆ. ಅದರ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಸ್‌ನಲ್ಲಿ, ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟ್‌ನದು. ನಿಮ್ಮೂರಿನಿಂದ ನೇರ ಗೆರೆ ಎಳೆದರೆ ಉತ್ತರಕ್ಕೆ ಸುಮಾರು 120 ಕಿಲೋಮೀಟರ್. ಹಗಲು ಹೊತ್ತಿನಲ್ಲಿ ಈ ಅಲೆ ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ, ಗುಡ್ಡ ಬಂದರೆ ಬಳಸಿಕೊಂಡು ಬರುತ್ತದೆ. ಕಾಡು, ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತದೆ ನಿಜ. ಆದರೂ ಇಷ್ಟು ದೂರಕ್ಕೆ ಹಗಲಿನಲ್ಲಿ ಕೇಳುವಷ್ಟು ಬರಲೇಬೇಕು. ಹಳೇ ಸೆಟ್, ಹೊಸ ಸೆಟ್ ಎರಡರಲ್ಲೂ ಒಂದೇ ಥರ ಗೊರಗೊರ ಅಂದಿದ್ದೀರಿ. ಅಂದರೆ ಸೆಟ್ಟಿನ ತಪ್ಪಲ್ಲ. ನನ್ನ ಅನುಭವದಲ್ಲಿ ಇಂಥ ದೂರುಗಳಲ್ಲಿ ತಪ್ಪಿತಸ್ಥ ಸಿಗುತ್ತಿದ್ದದ್ದು ಹೆಚ್ಚಾಗಿ ಮನೆಯ ಒಳಗೆ.

ಒಂದು ಭಾನುವಾರ ಮಧ್ಯಾಹ್ನ ಹೀಗೆ ಮಾಡಿ ನೋಡಿ. ರೇಡಿಯೊಗೆ ಹೊಸ ಸೆಲ್ ಹಾಕಿ, ಕರೆಂಟಿನ ವೈರ್ ಕಿತ್ತುಬಿಡಿ. ಧಾರವಾಡ ಹಿಡಿದು ವಾಲ್ಯೂಮ್ ಜಾಸ್ತಿ ಇಡಿ. ಈಗ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್ವರ್ಟರನ್ನೂ ಆಫ್ ಮಾಡಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಗೊರಗೊರ ತಟ್ಟನೆ ನಿಂತಿತಾ? ಹಾಗಾದರೆ ಕಳ್ಳ ಮನೆಯಲ್ಲೇ ಇದ್ದಾನೆ. ಮತ್ತೆ ಮೇನ್ ಹಾಕಿ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಸಾಮಾನ್ಯವಾಗಿ ಸಿಗುವುದು ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿಯ ಸೆಟ್ ಟಾಪ್ ಬಾಕ್ಸ್, ವೈಫೈ ಪೆಟ್ಟಿಗೆ, ಇನ್ವರ್ಟರ್. ಇವೆಲ್ಲದರ ಒಳಗೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಜೋಡಿಸುವ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ. ಒಳ್ಳೆಯ ಕಂಪನಿಯವರು ಅದರ ಗಲಾಟೆ ಹೊರಗೆ ಬರದಂತೆ ತಡೆ ಹಾಕಿರುತ್ತಾರೆ. ಅಗ್ಗದ ಮಾಲಿನಲ್ಲಿ ಆ ಭಾಗವನ್ನೇ ಬಿಟ್ಟಿರುತ್ತಾರೆ. ಆಗ ಆ ಗಲಾಟೆ ಮನೆಯ ವೈರಿಂಗ್ ತುಂಬ ಹರಡಿ ಸೀದಾ ಮೀಡಿಯಂ ವೇವ್ ಮೇಲೆ ಬೀಳುತ್ತದೆ. ಹತ್ತು ವರ್ಷದ ಹಿಂದೆ ಮನೆಯಲ್ಲಿ ಇಂಥವು ಎಷ್ಟಿದ್ದವು, ಈಗ ಎಷ್ಟಿವೆ, ಎಣಿಸಿ ನೋಡಿ. ಧಾರವಾಡದ ಶಕ್ತಿ ಅಷ್ಟೇ ಇದ್ದರೂ ಅದು ಸೋತಂತೆ ಕೇಳುವುದು ಇದಕ್ಕೇ.

ಮೇನ್ ಆಫ್ ಮಾಡಿದರೂ ಸದ್ದು ನಿಲ್ಲದಿದ್ದರೆ ಸದ್ದಿನ ರೀತಿ ಗಮನಿಸಿ. ಸೆಕೆಂಡಿಗೊಂದರಂತೆ ಟಕ್... ಟಕ್... ಟಕ್ ಎಂದು ಗಡಿಯಾರದ ಹಾಗೆ ಬರುತ್ತಿದೆಯಾ? ಅದು ಸೋಲಾರ್ ಬೇಲಿ. ಹಂದಿ, ಕಾಡುಕೋಣ, ಮಂಗಗಳ ಕಾಟಕ್ಕೆ ನಿಮ್ಮ ಕಡೆ ತೋಟದ ಸುತ್ತ ಹಾಕಿರುತ್ತಾರಲ್ಲ, ಅದೇ. ಬೇಲಿ ಸರಿಯಾಗಿದ್ದರೆ ರೇಡಿಯೊಗೆ ಅಷ್ಟು ತೊಂದರೆ ಕೊಡುವುದಿಲ್ಲ. ತಂತಿಗೆ ಹಸಿ ಬಳ್ಳಿ, ಹುಲ್ಲು ತಾಗಿದಾಗ, ಇನ್ಸುಲೇಟರ್ ಒಡೆದಾಗ ಪ್ರತಿ ಸಲ ಅಲ್ಲಿ ಸಣ್ಣ ಕಿಡಿ ಹಾರುತ್ತದೆ, ಅದು ರೇಡಿಯೊದಲ್ಲಿ ಟಕ್ ಎನ್ನುತ್ತದೆ. ಸಣ್ಣ ರೇಡಿಯೊ ಕೈಯಲ್ಲಿ ಹಿಡಿದು ಬೇಲಿಯ ಗುಂಟ ನಡೆದರೆ ಎಲ್ಲಿ ಸದ್ದು ಜೋರೋ ಅಲ್ಲೇ ಬೇಲಿ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ತಂತಿ ಮುಟ್ಟಬೇಡಿ, ದೂರದಿಂದ ಕೇಳಿದರೆ ಸಾಕು. ಬಳ್ಳಿ ಕಡಿಯುವಾಗ ಬೇಲಿಯ ಸ್ವಿಚ್ ಆಫ್ ಇರಲಿ. ಇದರಿಂದ ಬೇಲಿಯೂ ಗಟ್ಟಿಯಾಗುತ್ತದೆ, ಹಾಗಾಗಿ ಪಕ್ಕದ ತೋಟದವರಿಗೆ ಹೇಳಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸದ್ದು ಚರಚರ ಎಂದಿದ್ದು ಮಳೆ ಬಿದ್ದಾಗ, ಗಾಳಿ ಬೀಸಿದಾಗ ಬದಲಾಗುತ್ತಿದ್ದರೆ ಅದು ವಿದ್ಯುತ್ ಕಂಬದ ಇನ್ಸುಲೇಟರ್ ಅಥವಾ ಸಡಿಲವಾದ ಜಾಯಿಂಟ್. ಅಲ್ಲಿಗೆ ನೀವು ಕೈ ಹಾಕಬೇಡಿ. ಕಂಬದ ನಂಬರ್ ಬರೆದುಕೊಂಡು ಲೈನ್‌ಮನ್‌ಗೆ ತಿಳಿಸಿ.

ಏರಿಯಲ್ ಬಗ್ಗೆ ಒಂದು ಮಾತು. ಗೊರಗೊರ ಬಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಏರಿಯಲ್ ಉದ್ದ ಎಳೆಯುವುದು. ಮೀಡಿಯಂ ವೇವ್‌ಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆ ಏರಿಯಲ್ ಎಫ್‌ಎಂಗೆ ಮತ್ತು ಶಾರ್ಟ್ ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಪೆಟ್ಟಿಗೆಯ ಒಳಗೆ ಅಡ್ಡಡ್ಡ ಮಲಗಿಸಿರುವ ಕಪ್ಪು ಕಡ್ಡಿ. ಅದಕ್ಕೆ ತಾಮ್ರದ ತಂತಿ ಸುತ್ತಿರುತ್ತಾರೆ, ಫೆರೈಟ್ ಕಡ್ಡಿ ಎನ್ನುತ್ತಾರೆ. ಈ ಕಡ್ಡಿಗೆ ದಿಕ್ಕು ಮುಖ್ಯ. ಕಡ್ಡಿಯ ತುದಿ ಕೇಂದ್ರದ ಕಡೆ ತಿರುಗಿದ್ದರೆ ಕೇಂದ್ರ ಹೆಚ್ಚುಕಡಿಮೆ ಮಾಯವಾಗುತ್ತದೆ. ಕಡ್ಡಿ ಅಡ್ಡಲಾಗಿದ್ದರೆ ಜೋರಾಗಿ ಬರುತ್ತದೆ. ಅಂದರೆ ನಿಮ್ಮ ಮನೆಯಲ್ಲಿ ರೇಡಿಯೊದ ಮುಖವೋ ಬೆನ್ನೋ ಉತ್ತರಕ್ಕಿರಬೇಕು. ಭದ್ರಾವತಿ ಆಕಾಶವಾಣಿ ಕೇಳುವುದಿದ್ದರೆ ಅದು ನಿಮಗೆ ಆಗ್ನೇಯಕ್ಕಿದೆ, ಆಗ ಸೆಟ್ಟನ್ನು ಆ ಕಡೆಗೆ ತಿರುಗಿಸಿ. ಈ ಗುಣವನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು. ಗಲಾಟೆ ಮಾಡುವ ವಸ್ತುವಿನ ಕಡೆಗೆ ಕಡ್ಡಿಯ ತುದಿ ಬರುವಂತೆ ಸೆಟ್ ತಿರುಗಿಸಿದರೆ ಗಲಾಟೆ ಇಳಿಯುತ್ತದೆ. ಮಾವನವರ ರೇಡಿಯೊ ಈಗ ಎಲ್ಲಿದೆ? ಟಿವಿ ಪಕ್ಕದ ಗೂಡಿನಲ್ಲೋ, ಕಬ್ಬಿಣದ ಕಪಾಟಿನ ಮೇಲೋ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಜಗಲಿಯ ಮರದ ಸ್ಟೂಲ್ ಮೇಲೆ, ಗೋಡೆಯ ವೈರಿಂಗ್‌ನಿಂದ ಒಂದೆರಡು ಮಾರು ದೂರ ಇಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಅರ್ಧ ದೂರು ಮುಗಿದಿದೆ.

ಕೆಲವರು ಉದ್ದ ತಂತಿಯನ್ನು ಮರಕ್ಕೆ ಕಟ್ಟಿ, ಅದರ ತುದಿಯನ್ನು ಸೆಟ್ಟಿನ ಸುತ್ತ ನಾಲ್ಕಾರು ಸುತ್ತು ಸುತ್ತುತ್ತಾರೆ. ಕೆಲಸ ಮಾಡುತ್ತದೆ. ಆದರೆ ನಿಮ್ಮ ಕಡೆಯ ಗುಡುಗು ಸಿಡಿಲು ನೆನೆದರೆ ನನಗೆ ಹೇಳಲು ಧೈರ್ಯ ಬರುವುದಿಲ್ಲ. ಹಾಕಲೇಬೇಕೆಂದಿದ್ದರೆ ಮಳೆಗಾಲ ಮುಗಿದ ಮೇಲೆ ಮಾತ್ರ, ಕರೆಂಟ್ ಲೈನ್‌ನಿಂದ ಬಹಳ ದೂರದಲ್ಲಿ ಹಾಕಿ. ಮೋಡ ಕವಿದ ಕೂಡಲೇ ಯಾರಾದರೂ ಬಿಚ್ಚಿ ಹೊರಗೆ ಹಾಕುವಂತಿರಬೇಕು. ಮಾವನವರೊಬ್ಬರೇ ಮನೆಯಲ್ಲಿರುವ ಹೊತ್ತು ಇದ್ದರೆ ಬೇಡವೇ ಬೇಡ.

ಸಂಜೆಯಾದ ಮೇಲೆ ಬೇರೆ ಭಾಷೆ ಬಂದು ಸೇರಿಕೊಳ್ಳುವುದು ಪೂರ್ತಿ ಬೇರೆ ವಿಷಯ. ಇದಕ್ಕೆ ನೀವಾಗಲಿ, ಧಾರವಾಡದವರಾಗಲಿ ಹೊಣೆಯಲ್ಲ. ಹಗಲು ಸೂರ್ಯನ ಬಿಸಿಲಿಗೆ ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರ ಎದ್ದಿರುತ್ತದೆ. ಮೇಲಕ್ಕೆ ಹೋದ ಮೀಡಿಯಂ ವೇವ್ ಅಲೆಗಳನ್ನು ಅದು ಹೀರಿಕೊಂಡುಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಇನ್ನೂ ಮೇಲೆ ಹೋಗಿ ಅಲ್ಲಿನ ಪದರಕ್ಕೆ ಬಡಿದು ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ದೂರದ ದೇಶಗಳಲ್ಲಿ ಅದೇ 765ರ ಮೇಲೋ, ಅದರ ಪಕ್ಕದಲ್ಲೋ ಇರುವ ಕೇಂದ್ರಗಳು ನಿಮ್ಮ ಜಗಲಿಗೆ ಬರುವುದು ಹೀಗೆ. ಧಾರವಾಡದ ಧ್ವನಿ ಒಮ್ಮೆ ಏರುವುದು, ಒಮ್ಮೆ ಇಳಿಯುವುದು ಕೂಡ ಇದರಿಂದಲೇ. ನೆಲದ ಮೇಲೆ ಬಂದ ಅಲೆ ಮತ್ತು ಆಕಾಶದಿಂದ ಇಳಿದ ಅಲೆ ಕೂಡಿದಾಗ ಒಂದನ್ನೊಂದು ಬೆಂಬಲಿಸುತ್ತವೆ, ಕೆಲವೊಮ್ಮೆ ಹೊಡೆದುಹಾಕುತ್ತವೆ. ಸೆಟ್ ತಿರುಗಿಸಿ ಸ್ವಲ್ಪ ಸರಿಮಾಡಬಹುದು. ಪೂರ್ತಿ ಹೋಗಿಸುವುದು ಸಾಧ್ಯವಿಲ್ಲ. ರಾತ್ರಿಯ ಕಾರ್ಯಕ್ರಮಕ್ಕೆ ಬೇರೆ ದಾರಿ ಇಟ್ಟುಕೊಳ್ಳುವುದೇ ವಾಸಿ. ಅದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ದೂರು ಕಾರ್ಯಕ್ರಮಗಳದ್ದು. ನನಗೆ ಹೆಚ್ಚು ಹತ್ತಿರದ ವಿಷಯ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಾವನವರು "ಧಾರವಾಡ ಕೇಳುತ್ತೇನೆ" ಅಂದರೂ ಭಾನುವಾರ ಅವರ ಕಿವಿಗೆ ಬೀಳುವುದು ಮೂರು ಊರುಗಳ ಕೆಲಸ. ಒಂದಿಷ್ಟು ಧಾರವಾಡದ ಸ್ಟುಡಿಯೊದ್ದು. ಒಂದಿಷ್ಟು ಬೆಂಗಳೂರಿನಿಂದ ರಾಜ್ಯದ ಎಲ್ಲ ಕೇಂದ್ರಗಳೂ ಒಟ್ಟಿಗೆ ತೆಗೆದುಕೊಳ್ಳುವಂಥದ್ದು. ಇನ್ನೊಂದಿಷ್ಟು ದೆಹಲಿಯದು. ಬೆಳಗಿನ ಸಂಸ್ಕೃತ ವಾರ್ತೆ 1974ರಿಂದ ದೆಹಲಿಯದು. ತಿಂಗಳ ಕೊನೆಯ ಭಾನುವಾರ ಬೆಳಗ್ಗೆ 11ಕ್ಕೆ ಪ್ರಧಾನಿಯವರ 'ಮನ್ ಕೀ ಬಾತ್' ಬರುತ್ತದೆ. ಅದು 2014ರ ಅಕ್ಟೋಬರ್‌ನಿಂದ ಇದೆ. ಮೊದಲು ಹಿಂದಿಯಲ್ಲಿ, ಅದು ಮುಗಿದ ಮೇಲೆ ಆಯಾ ರಾಜ್ಯದ ಭಾಷೆಯಲ್ಲಿ. ಕ್ರಿಕೆಟ್ ವೀಕ್ಷಕ ವಿವರಣೆ ಹಿಂದಿ, ಇಂಗ್ಲಿಷ್‌ನಲ್ಲಿ ಸರದಿಯಂತೆ ಬರುತ್ತದೆ. ಕನ್ನಡ ನಡೆಯುತ್ತಿದ್ದಾಗ ಹಿಂದಿ ಶುರುವಾದರೆ ಯಾರೋ ತಪ್ಪು ಬಟನ್ ಒತ್ತಿದ್ದಲ್ಲ. ಕೇಂದ್ರ ದೆಹಲಿಗೆ ಸೇರಿಕೊಂಡಿತು ಅಷ್ಟೆ. ಸಹಪ್ರಸಾರ ಎನ್ನುವುದು ಇದನ್ನೇ. ಒಳಗೆ ನಾವು ಸುಮ್ನೆ ರಿಲೇ ಅನ್ನುತ್ತೇವೆ.

ಯಾವುದು ಯಾವಾಗ ಬರಬೇಕು ಎನ್ನುವುದಕ್ಕೆ ಪ್ರತಿ ಕೇಂದ್ರದಲ್ಲೂ ಫಿಕ್ಸೆಡ್ ಪಾಯಿಂಟ್ ಚಾರ್ಟ್ ಎಂಬ ಪಟ್ಟಿ ಇರುತ್ತದೆ. ಅದರಿಂದ ದಿನದಿನದ ಕ್ಯೂ ಶೀಟ್ ತಯಾರಾಗುತ್ತದೆ. ಕ್ಯೂ ಶೀಟ್‌ನಲ್ಲಿ ಎಲ್ಲವೂ ನಿಮಿಷ, ಸೆಕೆಂಡಿನ ಲೆಕ್ಕ. ನಾಟಕದ ಮುಂದೆ ಬರೀ "ಒಂದು ಗಂಟೆ" ಎಂದು ಬರೆಯುವುದಿಲ್ಲ. 58 ನಿಮಿಷ 20 ಸೆಕೆಂಡ್ ಎಂದು ಬರೆಯುತ್ತಾರೆ. ಉಳಿದ ಒಂದು ನಿಮಿಷ 40 ಸೆಕೆಂಡಿನಲ್ಲಿ ಉದ್ಘೋಷಕರು ನಾಟಕದ ಹೆಸರು, ಪಾತ್ರ ಮಾಡಿದವರ ಹೆಸರು ಹೇಳಿ ಮುಗಿಸಬೇಕು. ಯಾಕೆಂದರೆ ರಿಲೇ ಅಂದರೆ ಹೊರಟ ರೈಲು. ಧಾರವಾಡ ಬಂದು ಹತ್ತಲಿ ಎಂದು ಅದು ನಿಲ್ಲುವುದಿಲ್ಲ.

ಈಗ ಒಂದು ಪಂದ್ಯ ಲೆಕ್ಕಕ್ಕಿಂತ 20 ನಿಮಿಷ ಜಾಸ್ತಿ ನಡೆಯಿತು ಅಂದುಕೊಳ್ಳಿ. ಅದರ ಹಿಂದೆ ನಾಟಕ, ನಾಟಕದ ಹಿಂದೆ ವಾರ್ತೆ. ವಾರ್ತೆಯನ್ನು ಒಂದು ಸೆಕೆಂಡೂ ಮುಂದೆ ಹಾಕುವಂತಿಲ್ಲ. ಡ್ಯೂಟಿಯಲ್ಲಿದ್ದವರ ಮುಂದೆ ಇರುವುದು ಎರಡೇ ದಾರಿ. ನಾಟಕವನ್ನೇ ಇನ್ನೊಂದು ದಿನಕ್ಕೆ ಹಾಕಿ, ಸಿಕ್ಕ ಜಾಗಕ್ಕೆ ಭಾವಗೀತೆಯೋ ವಾದ್ಯ ಸಂಗೀತವೋ ತುಂಬಬಹುದು. ಇಲ್ಲದಿದ್ದರೆ ನಾಟಕ ಶುರುಮಾಡಿ ಕೊನೆಯನ್ನು ಮೆಲ್ಲಗೆ ಇಳಿಸಬೇಕು. ನಾನು ಮೊದಲನೆಯ ದಾರಿಯವನು. ಕೊನೆಯಿಲ್ಲದ ನಾಟಕ ಕೇಳಿಸುವುದಕ್ಕಿಂತ ಕೇಳಿಸದಿರುವುದು ಮೇಲು ಎಂದು ಜೊತೆಯವರಿಗೂ ಹೇಳುತ್ತಿದ್ದೆ. ಒಂದು ಗಂಟೆ ಕಾಲ ಕತ್ತಲಲ್ಲಿ ಕುಳಿತು, ಬರೀ ಧ್ವನಿಗಳಿಂದ ಮನಸ್ಸಿನಲ್ಲಿ ಮನೆ ಕಟ್ಟಿಕೊಂಡ ಕೇಳುಗನಿಗೆ ಬಾಗಿಲು ಹಾಕಿಬಿಟ್ಟ ಹಾಗಾಗುತ್ತದೆ. ನಿಮ್ಮ ಮಾವನವರ ಬೇಸರ ಸಣ್ಣದಲ್ಲ. ಅವರ ಕಡೆಯಿಂದ ಒಂದು ಪತ್ರ ಬರೆಯಿರಿ. ನಾಟಕದ ಹೆಸರು, ತಾರೀಖು, ಎಲ್ಲಿಗೆ ನಿಂತಿತು, ಮತ್ತೆ ಪ್ರಸಾರ ಮಾಡಿ ಎಂಬ ಕೋರಿಕೆ, ಇಷ್ಟಿದ್ದರೆ ಸಾಕು. ನಿಲಯದ ನಿರ್ದೇಶಕರ ಹೆಸರಿಗೆ ಕಳಿಸಿ. ಕೇಳುಗರ ಪತ್ರಗಳನ್ನು ಕೇಂದ್ರಗಳಲ್ಲಿ ಈಗಲೂ ಓದುತ್ತಾರೆ, ಅದಕ್ಕೆಂದೇ ಪತ್ರೋತ್ತರದ ಕಾರ್ಯಕ್ರಮ ಇಟ್ಟುಕೊಂಡ ಕೇಂದ್ರಗಳಿವೆ. ಬರೀ "ಕಾರ್ಯಕ್ರಮ ಚೆನ್ನಾಗಿಲ್ಲ" ಅಂದರೆ ಯಾರೂ ಏನೂ ಮಾಡಲಾರರು. ಇಂಥ ನಾಟಕ ಇಂಥ ದೃಶ್ಯಕ್ಕೆ ನಿಂತಿತು ಅಂದರೆ ಅದು ಮೀಟಿಂಗಿಗೆ ಹೋಗುತ್ತದೆ.

ಭಾನುವಾರದ ಕಲಸುಮೇಲೋಗರದ ಬಗ್ಗೆ ನಿಮ್ಮ ಪತ್ರದಲ್ಲಿ ಇನ್ನೊಂದು ಮಾತು ಅಡಗಿದೆ ಎಂದು ನನಗೆ ಅನ್ನಿಸಿತು. ಮಕ್ಕಳ ಹಾಡು ಮುಗಿಯುತ್ತಲೇ ಗೊಬ್ಬರದ ಮಾತು, ಅದರ ಹಿಂದೆ ಹಿಂದೂಸ್ತಾನಿ ಗಾಯನ, ಆಮೇಲೆ ಆರೋಗ್ಯ, ಸಿನಿಮಾ ಹಾಡು. ಇದಕ್ಕೊಂದು ಯೋಜನೆ ಇದೆಯಾ ಅಂತ. ಇದೆ. ಶುರುವಿನಿಂದಲೂ ಇದೆ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪುಟ್ಟ ಪ್ರಸಾರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ರೇಡಿಯೊಗೆ ಅಂಟಿದ್ದು ಅಲ್ಲಿಂದಲೇ. ಮುಂದೆ ಅದೇ ಹೆಸರು ದೇಶದ್ದಾಯಿತು. 'ಬಹುಜನ ಹಿತಾಯ ಬಹುಜನ ಸುಖಾಯ' ಎಂಬ ಧ್ಯೇಯವಾಕ್ಯಕ್ಕೆ ತಕ್ಕಂತೆ ರೈತರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಯುವಕರಿಗೆ, ಕಾರ್ಮಿಕರಿಗೆ ಬೇರೆ ಬೇರೆ ಹೊತ್ತು ಮೀಸಲಿಟ್ಟರು. ವಾರದ ದಿನಗಳಲ್ಲಿ ಒಬ್ಬೊಬ್ಬರು ತಮ್ಮ ಹೊತ್ತಿಗೆ ಮಾತ್ರ ಕೇಳುತ್ತಾರೆ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಾರೆ, ಎಲ್ಲರದೂ ಎಲ್ಲರ ಕಿವಿಗೂ ಬೀಳುತ್ತದೆ. ಅದರಿಂದಲೇ ನಮ್ಮ ಕಡೆ ಹಾಡು ಬಾರದ ರೈತನಿಗೂ ಭೀಮಸೇನ ಜೋಶಿಯವರ ಧ್ವನಿ ಗುರುತು ಸಿಗುತ್ತದೆ. ಭತ್ತ ಬೆಳೆಯದ ಮೇಷ್ಟ್ರಿಗೆ ಬೆಂಕಿರೋಗದ ಲಕ್ಷಣ ಗೊತ್ತಿರುತ್ತದೆ. ಬರೀ ನಮಗೆ ಬೇಕಾದ್ದನ್ನೇ ಆರಿಸಿ ಕೇಳುವ ಯಂತ್ರಗಳಿಂದ ಇದು ಸಿಗುವುದಿಲ್ಲ. ಕೇಳದೆ ಬಂದದ್ದರಲ್ಲಿ ಒಳ್ಳೆಯದು ಇರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬರೀ ಹಾಡು ಬೇಕಾದವರಿಗೆ ಬೇರೆ ವಾಹಿನಿಯನ್ನೇ ಮಾಡಿದ್ದಾರೆ. 1952ರ ಸುಮಾರಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬಹಳ ಕಡಿಮೆಯಾದಾಗ ಜನ ಗುಂಪುಗುಂಪಾಗಿ ರೇಡಿಯೊ ಸಿಲೋನ್‌ಗೆ ಹೋದರು. ಅವರನ್ನು ವಾಪಸ್ ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾಯಿತು. ಮಾವನವರಿಗೆ ಅಂದಿನ ಕಥೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿರಬಹುದು, ಕೇಳಿ ನೋಡಿ.

"ಭಾನುವಾರ ಹಳೇ ರೆಕಾರ್ಡಿಂಗ್ ತಿರುಗಿಸಿ ತಿರುಗಿಸಿ ಹಾಕುತ್ತಾರೆ" ಎಂಬುದು ಬೇರೆಯವರಿಂದಲೂ ಕೇಳಿದ ದೂರು. ಅರ್ಧ ನಿಜ. ಸಂಗ್ರಹದಿಂದ ತೆಗೆದು ಹಾಕುವುದು ಈಗ ಜಾಸ್ತಿಯಾಗಿದೆ. ಸಿಬ್ಬಂದಿ ಕಡಿಮೆ ಇರುವುದೂ ಅದಕ್ಕೊಂದು ಕಾರಣ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಟೇಪುಗಳಲ್ಲಿರುವ ಎಷ್ಟೋ ಧ್ವನಿಗಳು ಇನ್ನೆಲ್ಲೂ ಇಲ್ಲ. ಕಾಲು ಇಂಚಿನ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸಿದ ಕಾಲದ ನಾಟಕಗಳವು. ಟೇಪು ಹಳತಾದಂತೆ ಅದರ ಮೇಲಿನ ಕಂದು ಪುಡಿ ಉದುರುತ್ತದೆ, ಜೊತೆಗೆ ಧ್ವನಿಯೂ ಉದುರುತ್ತದೆ. ಅಷ್ಟರೊಳಗೆ ಕಂಪ್ಯೂಟರ್‌ಗೆ ಇಳಿಸಿದ್ದನ್ನು ಜನರಿಗೆ ಕೇಳಿಸುವುದು ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೆಯದು ಎಂದು ಹೇಳಿ ಹಾಕಬೇಕು, ಅಷ್ಟೆ.

ಇನ್ನು ಮಗನ ಸಲಹೆಗಳು. ಎರಡನ್ನೂ ತೂಗಿ ನೋಡೋಣ.

ಆ್ಯಪ್‌ನಿಂದ ಒಳ್ಳೆಯದೇ ಇದೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ದೇಶದ ನೂರಾರು ವಾಹಿನಿಗಳು ಸಿಗುತ್ತವೆ. ಗುಡ್ಡ, ಬೇಲಿ, ರಾತ್ರಿಯ ಆಕಾಶ ಯಾವುದೂ ಅಡ್ಡ ಬರುವುದಿಲ್ಲ. ಡೇಟಾ ಲೆಕ್ಕ ಸುಲಭ. ಸೆಕೆಂಡಿಗೆ 64 ಕಿಲೋಬಿಟ್‌ನ ಪ್ರಸಾರವಾದರೆ ಗಂಟೆಗೆ ಹತ್ತಿರ ಹತ್ತಿರ 29 ಎಂಬಿ. ಎಂಟು ಗಂಟೆ ಕೇಳಿದರೆ 230 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರಿಗೆ ಇದು ಹೊರೆಯಲ್ಲ. ತೊಂದರೆ ಬೇರೆ ಕಡೆ ಇದೆ. ಧ್ವನಿ ಅರ್ಧ ನಿಮಿಷವೋ ಇನ್ನೂ ಜಾಸ್ತಿಯೋ ತಡವಾಗಿ ಬರುತ್ತದೆ. ಹಾಗಾಗಿ ಅದರ ಸಮಯ ಸೂಚನೆ ಕೇಳಿ ಗಡಿಯಾರ ಸರಿಮಾಡುವಂತಿಲ್ಲ. ನಿಮ್ಮ ಹಳ್ಳಿಯಲ್ಲಿ ಕರೆಂಟ್ ಹೋದಾಗ ಟವರ್ ಕೂಡ ಹೋಗುವುದಾದರೆ ಆ್ಯಪ್ ನಿಂತುಬಿಡುತ್ತದೆ. ಮಳೆಗಾಲದಲ್ಲಿ ರಸ್ತೆ ಕುಸಿದಾಗ, ಹೊಳೆ ಏರಿದಾಗ ರೇಡಿಯೊ ಬೇಕಾಗುವುದೇ ಅಂಥ ಹೊತ್ತಿನಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಮಂಜಾದವರಿಗೆ ನುಣುಪಾದ ಗಾಜಿನ ಮೇಲೆ ಬೆರಳಿಟ್ಟು ಕೇಂದ್ರ ಹುಡುಕುವುದು ಕಷ್ಟ. ಮಧ್ಯೆ ಯಾರದೋ ಕರೆ ಬಂದರೆ ಕಾರ್ಯಕ್ರಮ ಹೋಗುತ್ತದೆ, ವಾಪಸ್ ತರಲು ಇನ್ನೊಬ್ಬರನ್ನು ಕರೆಯಬೇಕು. ಒಂದು ಗುಂಡಿ ತಿರುಗಿಸಿ ತಾನೇ ಕೇಳುತ್ತಿದ್ದವರು ಪ್ರತಿ ಸಲ ಮೊಮ್ಮಗನನ್ನು ಕಾಯುವ ಹಾಗಾಗಬಾರದು, ಅಲ್ವಾ? ಹಾಗಾಗಿ ಆ್ಯಪ್ ರಾತ್ರಿಯ ಕಾರ್ಯಕ್ರಮಕ್ಕೆ ಇರಲಿ. ಬೇರೆ ಭಾಷೆ ಬಂದು ಸೇರಿಕೊಳ್ಳುವ ಹೊತ್ತಿಗೆ ಮಗ ಹಳೇ ಫೋನೊಂದರಲ್ಲಿ ಧಾರವಾಡ ಹಚ್ಚಿ, ಸಣ್ಣ ಸ್ಪೀಕರಿಗೆ ಜೋಡಿಸಿ, ಪಕ್ಕದಲ್ಲಿಟ್ಟು ಹೋಗಲಿ.

ಡಿಜಿಟಲ್ ರೇಡಿಯೊ ಅಂದರೆ ಅವನು ಹೇಳುತ್ತಿರುವುದು ಡಿಆರ್‌ಎಂ ಇರಬೇಕು, ಅಂದರೆ ಮೀಡಿಯಂ ವೇವ್ ಮೇಲೆಯೇ ಧ್ವನಿಯನ್ನು ಡಿಜಿಟಲ್ ರೂಪದಲ್ಲಿ ಕಳಿಸುವ ಪದ್ಧತಿ. ಬೆಂಗಳೂರಿನ 612 ಕಿಲೋಹರ್ಟ್ಸ್ ಸೇರಿದಂತೆ ಆಕಾಶವಾಣಿಯ ಹಲವು ದೊಡ್ಡ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳಲ್ಲಿ ಈ ವ್ಯವಸ್ಥೆ ಇದೆ. ಸರಿಯಾಗಿ ಸಿಕ್ಕರೆ ಧ್ವನಿ ಎಫ್‌ಎಂನಷ್ಟು ಶುದ್ಧ. ಆದರೆ ಡಿಜಿಟಲ್‌ನಲ್ಲಿ ಮಸುಕಾಗಿ ಕೇಳುವುದು ಎಂಬುದಿಲ್ಲ. ಸಿಗ್ನಲ್ ಒಂದು ಮಟ್ಟಕ್ಕಿಂತ ಇಳಿದರೆ ಪೂರ್ತಿ ಮೌನ. ಗೊರಗೊರದ ನಡುವೆಯೂ ಅರ್ಧ ವಾರ್ತೆ ಕೇಳಿ ಅರ್ಥಮಾಡಿಕೊಳ್ಳುವ ಅನುಕೂಲ ಅದರಲ್ಲಿಲ್ಲ. ಸೆಟ್ಟುಗಳು ದುಬಾರಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಮನೆಯ ಬಲ್ಬಿನ ಗಲಾಟೆ ಹಾಗೇ ಇದ್ದರೆ ಡಿಆರ್‌ಎಂ ಕೂಡ ಸೋಲುತ್ತದೆ. ತರಲೇಬೇಕೆಂದರೆ, ಇದೇ ಸೆಟ್ಟನ್ನು ನಿಮ್ಮ ಮನೆಗೇ ತಂದು ಇಡೀ ಭಾನುವಾರ ಕೇಳಿಸಿ ನೋಡಿದ ಮೇಲೆ ದುಡ್ಡು ಕೊಡಿ. ಕೆಲವು ಹೊಸ ಕಾರುಗಳಲ್ಲಿ ಈ ರೇಡಿಯೊ ಇರುತ್ತದೆ. ನೆಂಟರ ಕಾರಿನಲ್ಲಿದ್ದರೆ ನಿಮ್ಮ ಅಂಗಳದಲ್ಲಿ ನಿಲ್ಲಿಸಿ ಹಚ್ಚಿ ನೋಡಿ, ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಇನ್ನೊಂದು ದಾರಿ ನೀವು ಕೇಳಿಲ್ಲ. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಅದರಲ್ಲೇ ಆಕಾಶವಾಣಿಯ ವಾಹಿನಿಗಳೂ ಬರುತ್ತವೆ, ಕನ್ನಡವೂ ಇದೆ. ತಿಂಗಳ ಬಾಡಿಗೆ ಇಲ್ಲ, ಧ್ವನಿ ಸ್ವಚ್ಛ. ಆದರೆ ಅಲ್ಲಿ ಬರುವ ಕನ್ನಡ ಧಾರವಾಡದ್ದೇ ಆಗಿರಬೇಕೆಂದಿಲ್ಲ. ಮಾವನವರಿಗೆ ಬೇಕಾದ್ದು ಧಾರವಾಡದ ಸ್ಥಳೀಯ ಕಾರ್ಯಕ್ರಮವೋ, ಒಟ್ಟಿನಲ್ಲಿ ಕನ್ನಡ ಕಾರ್ಯಕ್ರಮವೋ ಎಂದು ಮೊದಲು ಕೇಳಿಕೊಳ್ಳಿ. ಜೋರು ಮಳೆ ಹೊಡೆಯುವಾಗ ಡಿಶ್ ಸಿಗ್ನಲ್ ಹೋಗುವುದು ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಿ ಕೂರುವಂತಿಲ್ಲ.

ನಾನಾಗಿದ್ದರೆ ಈ ಕ್ರಮದಲ್ಲಿ ಹೋಗುತ್ತಿದ್ದೆ. ಮೇನ್ ಸ್ವಿಚ್ ಪರೀಕ್ಷೆ ಮಾಡಿ ಗಲಾಟೆಯ ಬಲ್ಬು, ಚಾರ್ಜರ್ ಬದಲಿಸುವುದು. ಸೆಟ್ಟನ್ನು ಜಗಲಿಗೆ ತಂದು ಉತ್ತರಕ್ಕೆ ತಿರುಗಿಸಿ, ಸ್ಟೂಲಿನ ಮೇಲೆ ಬಳಪದಲ್ಲಿ ಗುರುತು ಹಾಕುವುದು. ಒರೆಸುವಾಗ ಯಾರಾದರೂ ಸರಿಸಿದರೂ ಮತ್ತೆ ಅಲ್ಲೇ ಕೂರಿಸಬಹುದು. ಆಮೇಲೆ ಎರಡು ಭಾನುವಾರ ಕೂತು, ಎಷ್ಟು ಗಂಟೆಗೆ ಏನು ಬಂತು, ಯಾವ ಊರಿನದು ಎಂದು ಬರೆದುಕೊಳ್ಳುವುದು. ಅದರಲ್ಲಿ ಒಂದು ತಿಂಗಳ ಕೊನೆಯ ಭಾನುವಾರವಾಗಿರಲಿ, ಯಾಕೆಂದರೆ ಆ ದಿನದ ಬೆಳಗಿನ ಕ್ರಮ ಬೇರೆ. ಆ ಪಟ್ಟಿ ಕೈಗೆ ಬಂದ ಮೇಲೆ ಯಾವ ಹೊತ್ತಿಗೆ ರೇಡಿಯೊ, ಯಾವ ಹೊತ್ತಿಗೆ ಫೋನ್ ಎಂದು ನಿರ್ಧರಿಸುವುದು ಸುಲಭ. ಕ್ರಿಕೆಟ್ ಇರುವ ಭಾನುವಾರ ಮಾವನವರು ಸುಮ್ಮನೆ ಕಾಯುತ್ತಾ ಕೂರುವುದೂ ತಪ್ಪುತ್ತದೆ.

ಹೊಸದಾಗಿ ತಂದ ಸೆಟ್ ಚಿಕ್ಕ ಗುಂಡಿಗಳದ್ದಾಗಿದ್ದರೆ ಅದನ್ನು ನೀವು ಇಟ್ಟುಕೊಂಡು ಅವರ ಹಳೆಯದನ್ನೇ ರಿಪೇರಿ ಮಾಡಿಸಿ ಕೊಡಿ. ದೊಡ್ಡ ತಿರುಗಣೆ ಇರುವ ಸೆಟ್ಟಿನಲ್ಲಿ ಅವರ ಬೆರಳಿಗೆ ಧಾರವಾಡ ಎಲ್ಲಿದೆ ಎಂದು ಗೊತ್ತಿರುತ್ತದೆ. 765ರ ಜಾಗದಲ್ಲಿ ಒಂದು ಚುಕ್ಕೆ ಅಂಟು ಹಾಕಿದರೆ ಮುಟ್ಟಿಯೇ ಹಿಡಿಯಬಹುದು. ವಾಲ್ಯೂಮ್ ತಿರುಗಿಸಿದಾಗ ಮಾತ್ರ ಬರುವ ಕರಕರ ಅಲೆಯದ್ದಲ್ಲ, ಒಳಗೆ ಸೇರಿದ ಧೂಳಿನದು. ರಿಪೇರಿಯವರು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಸೆಲ್ ಮುಗಿದ ಮೇಲೆ ಒಳಗೇ ಬಿಡಬೇಡಿ. ಮಲೆನಾಡಿನ ಥಂಡಿಗೆ ಅವು ಸೋರಿ ಸ್ಪ್ರಿಂಗ್ ತಿಂದುಹಾಕುತ್ತವೆ.